ಕೆಳಮನೆಯ ವೀಕ್ಷಕ ವಿವರಣೆ

ಜನವರಿ ೩

ಗಂಟಲಿನ ಆಪರೇಷನ್ ಮುಗಿಸಿಕೊಂಡು ನಿನ್ನೆ ಸಂಜೆ ಹಳೇ ಢಾಕಾದ ಗೆಂಡಾರಿಯಾ ಬಡಾವಣೆಯ ಈ ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಎಳೆದುಕೊಂಡು ಬಂದರು. ಧಾನ್ಮಂಡಿಯ ನನ್ನ ಫ್ಲ್ಯಾಟಿನಲ್ಲಿ ಒಬ್ಬಳೇ ಹಾಯಾಗಿ ಮಲಗಿರುತ್ತೇನೆ ಎಂದು ಚೀಟಿ ಬರೆದು ತೋರಿಸಿದೆ. ಅಪ್ಪನ ಅಕ್ಕ ಹಾಜೆರಾ ಫುಪು ಅದನ್ನು ಓದಲೇ ಇಲ್ಲ. ಮಡಚಿ, ಅದರಲ್ಲಿ ಅಡಿಕೆ ಚೂರು ಕಟ್ಟಿಕೊಂಡು, "ಬಾಯಿ ಸತ್ತ ಹೆಂಗಸು ಒಬ್ಬಳೇ ಇರ್ತಾಳಂತೆ! ಕಳ್ಳ ಬಂದ್ರೆ ಅವನಿಗೂ ಚೀಟಿ ಬರೀತೀಯೇನೇ?" ಎಂದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಕಿರುಚಿದ್ದರ ಫಲ, ಧ್ವನಿತಂತುವಿನ ಮೇಲೆ ಗಂಟು. ತೆಗೆದಿದ್ದಾರೆ. ಇನ್ನು ಕೆಲವು ವಾರ ಒಂದು ಮಾತೂ ಆಡುವಂತಿಲ್ಲ. ಪಿಸುಮಾತಂತೂ ಕೂಡದೇ ಕೂಡದು, ಅದು ಇನ್ನೂ ಕೆಟ್ಟದ್ದಂತೆ. "ಧ್ವನಿ ವಾಪಸ್ ಬರುತ್ತಾ?" ಎಂದು ಬರೆದು ಕೇಳಿದರೆ ಡಾಕ್ಟರು, "ನೋಡೋಣ" ಎಂದರು. ಡಾಕ್ಟರು 'ನೋಡೋಣ' ಎಂದಾಗ ಅವರೇನೂ ನೋಡುತ್ತಿರುವುದಿಲ್ಲ ಎಂಬುದು ನನ್ನ ಅನುಭವ.

ಫುಪುವಿನ ಸೊಸೆ ಶಿಉಲಿ ಮೂಲೆಯ ಅಂಗಡಿಯಿಂದ ಸ್ಲೇಟು, ಬಳಪ ತಂದುಕೊಟ್ಟಳು. ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ.

ಈ ಮನೆಯಲ್ಲಿ ಗಲಾಟೆಯೋ ಗಲಾಟೆ. ಬೀದಿಯಲ್ಲಿ ರಿಕ್ಷಾ ಗಂಟೆ, ಮಾಳಿಗೆಯ ಮೇಲೆ ಕೋತಿಗಳು, ಅಡುಗೆಮನೆಯಲ್ಲಿ ಶಿಉಲಿಯ ಹಾಡು, ಎಲ್ಲದರ ಮೇಲೆ ಫುಪುವಿನ ಬಾಯಿ. ಕವಿತೆಗೆ ಮೌನ ಬೇಕು ಎಂದು ಎಷ್ಟು ಸಂದರ್ಶನಗಳಲ್ಲಿ ಹೇಳಿದ್ದೇನೆ! ಇಲ್ಲಿ ಮೌನವಾಗಿರುವವಳು ನಾನೊಬ್ಬಳೇ.

ಜನವರಿ ೫

ಇದೊಂದು ಬಾಕಿ ಇತ್ತು. ಕೆಳಮನೆಯಲ್ಲಿ ಬಾಡಿಗೆಗೆ ಇರುವ ಗೃಹಸ್ಥ ಹಿಂದೆ ರೇಡಿಯೋದಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೊಡುತ್ತಿದ್ದವರಂತೆ. ಈಗ ರೇಡಿಯೋದವರು ಕರೆಯುವುದಿಲ್ಲ. ಆದರೆ ವಿವರಣೆ ನಿಂತಿಲ್ಲ.

ಬೆಳಿಗ್ಗೆ ಫುಪು ಮೆಟ್ಟಿಲಿಳಿಯುತ್ತಿದ್ದಳು. ಕೆಳಗಿನಿಂದ ಕಂಚಿನ ದನಿ: "ಹಾಜೆರಾ ಬೇಗಂ ಪೆವಿಲಿಯನ್ ಕಡೆಯಿಂದ ಇಳೀತಾ ಇದ್ದಾರೆ... ಕೈಯಲ್ಲಿ ಛತ್ರಿ, ಮುಖದಲ್ಲಿ ಸಿಟ್ಟು... ಇನ್ನೂ ನಾಲ್ಕು ಮೆಟ್ಟಿಲು... ಎಚ್ಚರಿಕೆಯ ಹೆಜ್ಜೆ... ಮತ್ತೆ ಇಳಿದೇಬಿಟ್ರು! ಅಬ್ಬಾ, ಎಂಥಾ ಸೊಗಸಾದ ಕಾಲುಚಳಕ!"

"ಥೂ ನಿನ್ನ! ನಿನ್ನ ನಾಲಗೆಗೆ ಮೊಳೆ ಹೊಡೀಬೇಕು" ಎಂದು ಫುಪು ಬೈದಳು. ಬೈಗುಳದಲ್ಲಿ ಸಿಟ್ಟಿರಲಿಲ್ಲ. ದಿನಾ ಹೀಗೆಯೇ ಅಂತೆ.

ಕಿಟಕಿ ಮುಚ್ಚಿದೆ. ಆ ದನಿ ಕಿಟಕಿಯನ್ನು ಲೆಕ್ಕಕ್ಕಿಡುವುದಿಲ್ಲ.

ಜನವರಿ ೬

ಗಂಟಲು ನೋವು. ಗಂಜಿ. ಮಂಜು. ಓದಲಿಲ್ಲ, ಬರೆಯಲಿಲ್ಲ.

ಜನವರಿ ೯

ಪ್ರಕಾಶಕ ಸುಬ್ರತ ಬಂದಿದ್ದ. ನನ್ನ ಮೂರನೇ ಕವನ ಸಂಕಲನ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಫೆಬ್ರವರಿ ಒಂಬತ್ತಕ್ಕೆ ಶಾಹಬಾಗಿನ ಪುಸ್ತಕದಂಗಡಿಯ ಮಹಡಿಯಲ್ಲಿ ಬಿಡುಗಡೆ. ಹನ್ನೊಂದು ವರ್ಷದ ಕೆಲಸ. ಅಷ್ಟರೊಳಗೆ ನನ್ನ ಧ್ವನಿ ಬರದಿದ್ದರೆ ಕವಿತೆ ಓದುವವರು ಯಾರು?

ಇಂಗ್ಲಿಷಿನಲ್ಲಿ ಬರೆಯುವ ನಮ್ಮಂಥವರಿಗೆ ಓದುಗರು ಸಿಗುವುದೇ ಹೀಗೆ, ಕೂರಿಸಿಕೊಂಡು ಓದಿ ಹೇಳಿದರೆ. ಹೊರದೇಶದ ಸಂಪಾದಕರಿಗೆ ನಮ್ಮಿಂದ ಪ್ರವಾಹ, ಚಂಡಮಾರುತ ಬೇಕು. ನಾನು ಓಣಿಯ ಕ್ಷೌರಿಕನ ಬಗ್ಗೆ ಬರೆದರೆ 'ಸ್ಥಳೀಯವಾಯಿತು' ಎಂದು ವಾಪಸು. ಇಲ್ಲಿಯವರು ಪುಸ್ತಕ ತೆರೆಯುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: "ಬಂಗಾಳಿ ಇರುವಾಗ ಇಂಗ್ಲಿಷ್ ಯಾಕೆ? ಉರ್ದು ಹೇರಲು ಬಂದಾಗ ಬಂಗಾಳಿಗಾಗಿ ಪ್ರಾಣ ಕೊಟ್ಟ ದೇಶ ಇದು." ಅದಕ್ಕೆ ನನ್ನ ಹತ್ತಿರ ಇಸ್ತ್ರಿ ಮಾಡಿಟ್ಟ ಉತ್ತರವೊಂದಿದೆ. ಎಷ್ಟು ಸಲ ತೊಟ್ಟಿದ್ದೇನೆಂದರೆ ಮೊಣಕೈ ಹರಿದಿದೆ.

ನನ್ನ ಹಳೆಯ ವಿದ್ಯಾರ್ಥಿನಿ ಅನಿಕಾ ಲಂಡನ್ನಿನಲ್ಲಿ ಓದಿ ಬಂದವಳು, ಸ್ಫಟಿಕದಂಥ ಉಚ್ಚಾರ. ಅವಳನ್ನು ಕೇಳು ಎಂದು ಬರೆದು ತೋರಿಸಿದೆ. ಅಷ್ಟರಲ್ಲಿ ಫುಪು ಬಾಲ್ಕನಿಯಿಂದ ಬಗ್ಗಿ ಕೂಗಿಯೇಬಿಟ್ಟಳು: "ಮೊಕರ್ರಮ್! ಮೇಲೆ ಬಾರೋ. ನಿನಗೆ ಕೆಲಸ ಸಿಕ್ಕಿದೆ!"

ಕೆಳಮನೆಯ ಗೃಹಸ್ಥ ಬಂದರು. ಉದ್ದನೆಯ ಮನುಷ್ಯ, ಉಣ್ಣೆಯ ಟೋಪಿ, ಎರಡು ಬೇರೆ ಬೇರೆ ಬಣ್ಣದ ಕಾಲುಚೀಲ. ಸುಬ್ರತ ಹಸ್ತಪ್ರತಿ ಕೊಟ್ಟ. ಅವರು ಓಣಿಯ ಮೇಲೆ ಹೆಣೆದುಕೊಂಡ ಕರೆಂಟು ತಂತಿಗಳ ಕವಿತೆ ತೆಗೆದರು. ಅದರ ಮೊದಲ ಸಾಲುಗಳು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

ನಮ್ಮ ಓಣಿಯಲ್ಲಿ ಆಕಾಶಕ್ಕೆ ಹೊಲಿಗೆ ಹಾಕಿದ್ದಾರೆ,
ಹರಿದದ್ದು ಎಲ್ಲಿ ಎಂದು ಯಾರಿಗೂ ನೆನಪಿಲ್ಲ.

ಅದನ್ನು ಅವರು ಓದಿದ್ದು ಹೇಗೆ ಅಂತೀರಿ! 'ನಮ್ಮ ಓಣಿಯಲ್ಲಿ' ಎಂಬಲ್ಲಿ ಬೌಲರ್ ಓಡಲು ಶುರುಮಾಡಿದ. 'ಆಕಾಶಕ್ಕೆ' ಎಂಬಲ್ಲಿ ಚೆಂಡು ಮೇಲೆದ್ದಿತು. 'ಹೊಲಿಗೆ' ಎಂದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. 'ನೆನಪಿಲ್ಲ' ಎನ್ನುವ ಹೊತ್ತಿಗೆ ಯಾರೋ ಔಟಾಗಿದ್ದರು. ಉಚ್ಚಾರವೋ, ಇಂಗ್ಲಿಷಿಗೆ ಲುಂಗಿ ಉಡಿಸಿ ಬರಿಸಾಲಿನ ಹೊಳೆಯ ದೋಣಿಯಲ್ಲಿ ಕೂರಿಸಿದಂತೆ.

ಶಿಉಲಿ ಚಪ್ಪಾಳೆ ತಟ್ಟಿದಳು. ನಾನು ಸ್ಲೇಟಿನ ಮೇಲೆ ದೊಡ್ಡದಾಗಿ 'ಬೇಡ' ಎಂದು ಬರೆದೆ. ಅವರು ಕನ್ನಡಕ ಏರಿಸಿ ಓದಿಕೊಂಡು, "ಅಂಪೈರ್ ಬೆರಳೆತ್ತಿಬಿಟ್ರು" ಎಂದು ನಗುತ್ತ ಇಳಿದುಹೋದರು. ನಾಚಿಕೆಯೂ ಇಲ್ಲ. ಒಂದು ವಿಚಿತ್ರ: ಇಂಗ್ಲಿಷ್ ಯಾಕೆ ಎಂದು ಆ ಮನುಷ್ಯ ಕೇಳಲೇ ಇಲ್ಲ.

ಜನವರಿ ೧೪

ಇವತ್ತು ಸಂಕ್ರಾಂತಿಯ ಗಾಳಿಪಟ. ಹಳೇ ಢಾಕಾದ ಮಾಳಿಗೆಗಳೆಲ್ಲ ಜನರಿಂದ ತುಂಬಿಹೋಗಿದ್ದವು. ಫುಪುವನ್ನು ಕುರ್ಚಿಸಮೇತ ಮೇಲಕ್ಕೆ ಹೊತ್ತುಕೊಂಡು ಹೋದರು. ನಾನೂ ಹೋದೆ, ಕೋಣೆಯಲ್ಲಿ ಬಿಸಿಲು ಇರಲಿಲ್ಲ ಎಂದು.

ಮೊಕರ್ರಮ್ ಸಾಹೇಬರು ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು ಓಣಿಗೆಲ್ಲ ಕೇಳುವಂತೆ ವಿವರಣೆ ಕೊಟ್ಟರು. "ಎದುರು ಮನೆಯ ಕೆಂಪು ಪಟ ಅಹಂಕಾರದಿಂದ ಮೇಲೇರ್ತಾ ಇದೆ. ನಮ್ಮ ಶಿಉಲಿ ಬೇಗಂ ಕೈಯಲ್ಲಿ ಹಳದಿ ಪಟ, ಬಾಯಲ್ಲಿ ಭಾಪಾ ಪಿಠಾ ಕಡುಬು. ಬೆಲ್ಲ ಸೋರ್ತಾ ಇದೆ ಆದರೂ ದಾರ ಬಿಟ್ಟಿಲ್ಲ. ಆಹಾ, ಇದು ಕಣ್ರೀ ಏಕಾಗ್ರತೆ!" ಕೆಂಪು ಪಟ ಕತ್ತರಿಸಿಹೋದಾಗ ಎದುರು ಮನೆಯವರೇ ಅವರಿಗೆ ಶಿಳ್ಳೆ ಹೊಡೆದರು.

ಅಷ್ಟರಲ್ಲಿ ಕೋತಿಯೊಂದು ಬಂದು ನನ್ನ ಸ್ಲೇಟನ್ನು ಹಾರಿಸಿಕೊಂಡು ಹೋಯಿತು. ಅದರ ಮೇಲೆ 'ನನಗೆ ಚಹಾ ಬೇಡ' ಎಂದು ಬರೆದಿತ್ತು. ಕೋತಿ ಗೋಡೆಯ ಮೇಲೆ ಕುಳಿತು ಸ್ಲೇಟು ಎತ್ತಿಹಿಡಿಯಿತು. ಸಾಹೇಬರು ಗಂಭೀರವಾಗಿ, "ಹೊಸ ಅಧ್ಯಾಪಕರು ಬಂದಿದ್ದಾರೆ. ಅವರಿಗೂ ಚಹಾ ಬೇಡವಂತೆ" ಎಂದರು.

ನಕ್ಕುಬಿಟ್ಟೆ. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ! ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದೆ, ಕಣ್ಣಲ್ಲಿ ನೀರು. ಡಾಕ್ಟರಿಗೆ ಹೇಳಬಾರದು. ಸಾಹೇಬರು ಆಮೇಲೆ ತಾವೇ ಹೋಗಿ ಹೊಸ ಸ್ಲೇಟು ತಂದುಕೊಟ್ಟರು. ಇದಕ್ಕೆ ಮರದ ಚೌಕಟ್ಟಿದೆ, ಹಳೆಯದಕ್ಕಿಂತ ಚೆನ್ನಾಗಿದೆ.

ಜನವರಿ ೧೮

ಅನಿಕಾಳ ಫೋನು ಸುಬ್ರತನಿಗೆ ಸಿಗುತ್ತಿಲ್ಲವಂತೆ. ಸಮಯ ಕಳೆಯಲೆಂದು ಮಾತ್ರ ಮೊಕರ್ರಮ್ ಸಾಹೇಬರಿಗೆ ಇನ್ನೊಂದು ಸಲ ಓದಲು ಹೇಳಿದೆ. ಸಂಜೆ ಬಾಲ್ಕನಿಯಲ್ಲಿ ಕುಳಿತೆವು. ಫುಪು ಎದುರಿಗೆ ಬಾಖರ್‌ಖಾನಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿಕೊಂಡು ಪ್ರೇಕ್ಷಕಳಾಗಿ ಕೂತಿದ್ದಳು.

ಅವರು ಕೂಗುತ್ತಾರೆ, ನಾನು 'ಮೆಲ್ಲಗೆ' ಎಂದು ಬರೆಯುತ್ತೇನೆ. ಅವರು ಓಡುತ್ತಾರೆ, ನಾನು 'ನಿಲ್ಲಿ' ಎಂದು ಬರೆಯುತ್ತೇನೆ. ಬಳಪ ಮುರಿಯಿತು. ಕಡೆಗೆ ಅವರೇ ಪುಟ ಕೆಳಗಿಟ್ಟರು.

"ಪ್ರೊಫೆಸರ್ ಆಪಾ, ಬೈಬೇಡಿ. ಇಲ್ಲಿ ಉಸಿರು ತಗೊಳ್ಳೋಕೆ ನೀವು ಜಾಗಾನೇ ಬಿಟ್ಟಿಲ್ಲ. ವೇಗದ ಬೌಲರ್ ಆದ್ರೂ ವಾಪಸ್ ನಡ್ಕೊಂಡು ಹೋಗ್ಬೇಕಲ್ವಾ?"

ನನಗೆ ಸಿಟ್ಟು ಬಂತು. ಆ ಸಾಲು ಹನ್ನೊಂದು ವರ್ಷದಿಂದ ಹಾಗೆಯೇ ಇದೆ. ನೋಡಿದರೆ ಎರಡು ವಿಶೇಷಣಗಳು ಸುಮ್ಮನೆ ಕಾಲುಚಾಚಿ ಮಲಗಿದ್ದವು. ತೆಗೆದೆ. ಅಷ್ಟಕ್ಕೇ ಅವರು ದೊಡ್ಡ ವಿಮರ್ಶಕರಾಗಿಬಿಟ್ಟರು ಎಂದಲ್ಲ. ನದಿಯ ಕವಿತೆಯಲ್ಲಿ ದೋಣಿ ಮುಳುಗುವುದು ಬೇಡ, ಪಾಪ, ದಡ ಸೇರಿಸಿ ಎಂದೂ ಹೇಳಿದರು. ಅದಕ್ಕೆ ನಾನು ಸ್ಲೇಟಿನ ತುಂಬ ಸೊನ್ನೆ ಬರೆದೆ.

ಆಮೇಲೆ ಕೇಳಿಯೇಬಿಟ್ಟೆ, ಬರೆದು: 'ಎಲ್ಲರೂ ಕೇಳುತ್ತಾರೆ. ನೀವು ಯಾಕೆ ಕೇಳಲಿಲ್ಲ, ಇಂಗ್ಲಿಷ್ ಯಾಕೆಂದು?'

"ಎಡಗೈ ಬೌಲರ್‌ನ ಯಾಕಪ್ಪಾ ಎಡಗೈ ಅಂತ ಯಾರಾದ್ರೂ ಕೇಳ್ತಾರಾ?" ಎಂದರು. "ಚೆಂಡು ವಿಕೆಟ್‌ಗೆ ಬಿತ್ತಾ ಇಲ್ವಾ, ಅಷ್ಟು ನೋಡ್ತಾರೆ."

ನನ್ನ ಇಸ್ತ್ರಿಯ ಉತ್ತರಕ್ಕಿಂತ ಇದು ಚೆನ್ನಾಗಿದೆ. ಕದಿಯಬೇಕು.

ಜನವರಿ ೨೨

ಡಾಕ್ಟರು ಗಂಟಲಿಗೆ ಕನ್ನಡಿ ಹಾಕಿ ನೋಡಿದರು. ಊತ ಇಳಿದಿಲ್ಲ. ಒಂದು ಬದಿ ಸರಿಯಾಗಿ ಅಲ್ಲಾಡುತ್ತಿಲ್ಲ. ಇನ್ನೂ ಮೌನ. "ಕೆಲವರಿಗೆ ಮೊದಲಿನ ಹಾಗೆ ಆಗೋದಿಲ್ಲ" ಎಂದರು.

ಊಟ ಬೇಡವೆಂದು ಬರೆದು ತೋರಿಸಿದೆ.

ಜನವರಿ ೨೪

ಎರಡು ದಿನ ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಇವತ್ತು ಮಧ್ಯಾಹ್ನ ಫುಪು ಬಾಗಿಲು ತೆರೆದು, "ನೀನು ಏಳದಿದ್ರೆ ಹಾಸಿಗೆ ಸಮೇತ ಒಗೆಯೋಕೆ ಹಾಕ್ತೀನಿ" ಎಂದಳು. ಬಾಲ್ಕನಿಗೆ ಬಂದು ಕೂತೆ. ಮೊಕರ್ರಮ್ ಸಾಹೇಬರು ಕೆಳಗೆ ಅಂಗಳದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಮೇಲೆ ಬಂದು ಅರ್ಧ ಕೊಟ್ಟರು. ಅವರು ಹೀಗೆ ಮಾತಿಲ್ಲದೆ ಕೂತಿದ್ದನ್ನು ನಾನು ನೋಡಿರಲಿಲ್ಲ.

ತಮ್ಮ ಅರ್ಧ ತಿಂದು ಮುಗಿಸಿ ಅಂದರು: "ಚಿತ್ತಗಾಂಗಿನಲ್ಲಿ ಒಂದು ಸಲ ಮಳೆ ಬಂದು ಆಟ ನಿಂತೋಯ್ತು. ಟಿ.ವಿ.ಯವರು ಹಾಡು ಹಾಕಿದ್ರು. ರೇಡಿಯೋದಲ್ಲಿ ನಾನು ಮಾತಾಡ್ತಾನೇ ಇರ್ಬೇಕು. ಏನು ಹೇಳ್ಲಿ? ಛತ್ರಿಗಳ ಬಣ್ಣ ಹೇಳ್ದೆ. ಪಿಚ್ ಮೇಲೆ ಹಾಸಿದ ಟಾರ್ಪಾಲಿನ ಮೇಲೆ ಒಂದು ಕಾಗೆ ಸ್ನಾನ ಮಾಡ್ತಿತ್ತು, ಅದನ್ನ ಹೇಳ್ದೆ. ಮುದುಕ ಒಬ್ಬ ಮಗಳ ತಲೆ ಒರೆಸ್ತಿದ್ದ, ಅದನ್ನೂ ಹೇಳ್ದೆ. ಆಮೇಲೆ ಜನ ಕಾಗದ ಬರೆದ್ರು, ಆಟಕ್ಕಿಂತ ಮಳೇನೇ ಚೆನ್ನಾಗಿತ್ತು ಅಂತ." ಸಿಪ್ಪೆ ಮಡಚಿಟ್ಟು, "ಆಟ ನಿಂತಿದೆ ಅಷ್ಟೇ ಆಪಾ. ಪಂದ್ಯ ರದ್ದಾಗಿಲ್ಲ" ಎಂದರು.

ಕಿತ್ತಳೆ ಸಿಹಿಯಾಗಿತ್ತು. ಸಾಯಂಕಾಲ ಶಿಉಲಿ ಅಡುಗೆಮನೆಯಲ್ಲಿ ಹಾಡುತ್ತಿದ್ದುದನ್ನು ಕೇಳುತ್ತ ಒಂದು ಕವಿತೆ ಶುರುವಾಯಿತು. ಕಾಗೆಯದು. ಎಷ್ಟೋ ತಿಂಗಳ ಮೇಲೆ.

ಜನವರಿ ೨೯

ಮೊಕರ್ರಮ್ ಸಾಹೇಬರು ಮನೆ ಖಾಲಿ ಮಾಡುತ್ತಾರಂತೆ. ರಾಜಶಾಹಿಯಲ್ಲಿ ಮಗಳಿದ್ದಾಳೆ. ಹೆಂಡತಿ ತೀರಿಕೊಂಡಂದಿನಿಂದ ಕರೆಯುತ್ತಲೇ ಇದ್ದಾಳಂತೆ. ಈಗ ಒಪ್ಪಿಕೊಂಡಿದ್ದಾರೆ. ಫೆಬ್ರವರಿ ಹನ್ನೆರಡಕ್ಕೆ ಹೊರಡುವುದು. ಫುಪು ಮಾತಿನ ನಡುವೆ ಹೇಳಿದಳು, ಹೇಳುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು, ಯಾಕೋ.

ಒಳ್ಳೆಯದೇ. ರಾಜಶಾಹಿಯಲ್ಲಿ ಗಾಳಿ ಚೆನ್ನಾಗಿದೆ. ಮಾವಿನ ತೋಪುಗಳಿವೆ. ಈ ವಯಸ್ಸಿನಲ್ಲಿ ಮಗಳ ಬಳಿ ಇರುವುದು ಸರಿ. ನನಗೂ ಮಧ್ಯಾಹ್ನ ನಿದ್ದೆ ಬರುತ್ತದೆ. ಕೆಳಗಿನ ಕೋಣೆಗೆ ಯಾರಾದರೂ ಶಾಂತ ಸ್ವಭಾವದವರು, ದರ್ಜಿಯೋ ಗಡಿಯಾರ ರಿಪೇರಿಯವರೋ ಬಂದರೆ ಈ ಮನೆ ಬರೆಯಲು ಬಹಳ ಅನುಕೂಲವಾಗುತ್ತದೆ. ಅವರು ಬೆಳಿಗ್ಗೆ ಹಲ್ಲುಜ್ಜುವುದಕ್ಕೂ ವಿವರಣೆ ಕೊಡುತ್ತಾರೆ. ಅದನ್ನು ಯಾರು ಸಹಿಸುತ್ತಾರೆ? ಬೇರೆ ಬೇರೆ ಕಾಲುಚೀಲ ಹಾಕುತ್ತಾರೆ. ರಾಜಶಾಹಿಯಲ್ಲಿ ಮಗಳು ನೋಡಿಕೊಳ್ಳುತ್ತಾಳೆ.

ಇಷ್ಟೊಂದು ಯಾಕೆ ಬರೆದೆನೋ. ಬಂಗಾಳಿಯಲ್ಲಿ ದಿನಚರಿ ಬರೆಯುವುದರ ತೊಂದರೆ ಇದೇ, ಪೆನ್ನು ನಿಲ್ಲುವುದಿಲ್ಲ.

ಫೆಬ್ರವರಿ ೨

ಕೊನೆಗೂ ಅನಿಕಾ ಬಂದಳು. ಸುಬ್ರತನೂ ಬಂದ. ತಂತಿಗಳ ಕವಿತೆ ಓದಿದಳು. ಒಂದು ಅಕ್ಷರ ಜಾರಲಿಲ್ಲ, ಲಂಡನ್ನಿನ ರೇಡಿಯೋದಲ್ಲಿ ಕೇಳಿದಂತೆ. ಸುಬ್ರತ ಕುಣಿದಾಡಿದ. ಶಿಉಲಿ ಆಕಳಿಸಿ, ಆಮೇಲೆ ನಾಚಿಕೊಂಡಳು.

ಮೊಕರ್ರಮ್ ಬಾಗಿಲ ಹತ್ತಿರ ನಿಂತು ಕೇಳಿದರು. "ಎಷ್ಟು ಚೆನ್ನಾಗಿ ಓದ್ತೀಯಮ್ಮಾ" ಎಂದು ಮನಸಾರೆ ಹೇಳಿ, ತಮ್ಮ ಹತ್ತಿರವಿದ್ದ ಪ್ರತಿಯನ್ನು ಅವಳ ಮುಂದಿಟ್ಟರು. ಪುಟಗಳ ಅಂಚಿನಲ್ಲೆಲ್ಲ ಉಸಿರಿನ ಗುರುತು, ಪೆನ್ಸಿಲಿನ ಸಣ್ಣ ಗೆರೆಗಳು. ನಾವಿಬ್ಬರೂ ಜಗಳವಾಡಿ ಹಾಕಿದ್ದು.

ನಾನು ಸ್ಲೇಟು ತೆಗೆದುಕೊಂಡು ಸುಬ್ರತನಿಗೆ ಬರೆದೆ: 'ಇವರು ಓದಲಿ.'

"ಆಪಾ, ಉಚ್ಚಾರ..." ಎಂದು ರಾಗ ಎಳೆದ.

ಒರೆಸಿ ಬರೆದೆ: 'ಇದು ಢಾಕಾದ ಓಣಿ. ಓಣಿ ಹೀಗೇ ಮಾತಾಡುತ್ತದೆ.'

ಅನಿಕಾ ಬೇಸರಪಡಲಿಲ್ಲ. ನಕ್ಕು, "ಟೀಚರ್, ಕಾಲೇಜಿನಲ್ಲಿ ನಮ್ಮ ಉಚ್ಚಾರ ತಪ್ಪಾದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರಿ" ಎಂದಳು. ಹೌದು, ನಿಲ್ಲಿಸುತ್ತಿದ್ದೆ. ಕಾರ್ಯಕ್ರಮ ನಡೆಸಿಕೊಡುವ ಕೆಲಸ ಅವಳಿಗೆ.

ಫೆಬ್ರವರಿ ೯

ಅಕ್ಷರಗಳು ಓಡುತ್ತಿವೆ, ಓಡಲಿ.

ಪುಸ್ತಕದಂಗಡಿಯ ಮಹಡಿ ತುಂಬಿತ್ತು. ಗೆಂಡಾರಿಯಾದಿಂದ ಅರ್ಧ ಓಣಿಯೇ ಬಂದಿತ್ತು. ಕ್ಷೌರಿಕ, ಬಾಖರ್‌ಖಾನಿ ಅಂಗಡಿಯವನು, ಗಾಳಿಪಟದ ಎದುರುಮನೆಯವರು. ನನ್ನ ಹಿಂದಿನ ಎರಡು ಪುಸ್ತಕಗಳ ಬಿಡುಗಡೆಗೂ ಇವರ್‍ಯಾರೂ ಬಂದಿರಲಿಲ್ಲ. ನಾನು ಕರೆದಿರಲೂ ಇಲ್ಲ. ಮೊಕರ್ರಮ್ ರೇಡಿಯೋದ ಕಾಲದ ನೀಲಿ ಕೋಟು ಹಾಕಿದ್ದರು. ಕಾಲುಚೀಲ ಎರಡೂ ಒಂದೇ ಬಣ್ಣದ್ದು. ಶಿಉಲಿ ನೋಡಿ ನನಗೆ ತಿವಿದಳು.

ಕೂಗಲಿಲ್ಲ ಅವರು. ಪಂದ್ಯ ಶುರುವಾಗುವ ಮೊದಲು, ಹುಲ್ಲಿನ ಮೇಲೆ ಇಬ್ಬನಿ ಇರುವಾಗ ಮಾತಾಡುವ ದನಿಯಲ್ಲಿ ಶುರುಮಾಡಿದರು. ತಂತಿಗಳು, ಕ್ಷೌರಿಕ, ನದಿ. ನಾಲ್ಕನೆಯ ಕವಿತೆಯ ಹೊತ್ತಿಗೆ ಗಮನಿಸಿದೆ, ಅವರು ಪುಟವನ್ನೇ ತಿರುಗಿಸಿರಲಿಲ್ಲ. ಕನ್ನಡಕ ಕೋಟಿನ ಜೇಬಿನಲ್ಲಿತ್ತು. ಪುಸ್ತಕ ಕೈಯಲ್ಲಿತ್ತು ಅಷ್ಟೇ. ಅಷ್ಟೂ ಕವಿತೆ ಬಾಯಿಪಾಠ. ನನ್ನ ಕವಿತೆಗಳು ನನಗೇ ಬಾಯಿಪಾಠ ಬರುವುದಿಲ್ಲ.

ದೋಣಿ ಮುಳುಗುವಲ್ಲಿ ಅವರು ಒಂದು ಉಸಿರಿನಷ್ಟು ಕಾದರು. ಇಡೀ ಸಭೆ ಅವರ ಜೊತೆ ಕಾಯಿತು. ದಡ ಸೇರಿಸಲಿಲ್ಲ, ನಾನು ಬರೆದಂತೆಯೇ ಮುಳುಗಿಸಿದರು. ಕ್ಷೌರಿಕ ಕಣ್ಣೊರೆಸಿಕೊಂಡ. ಅವನಿಗೆ ಇಂಗ್ಲಿಷ್ ಬರುವುದು ನಾಲ್ಕು ಮಾತು.

ಆಮೇಲೆ ಬಂತು ಪ್ರಶ್ನೆ. ಹಿಂದಿನ ಸಾಲಿನಿಂದ ಶಾಲು ಹೊದ್ದವರೊಬ್ಬರು ಎದ್ದು, "ಫೆಬ್ರವರಿ ತಿಂಗಳಲ್ಲಿ, ಭಾಷಾ ಹುತಾತ್ಮರ ತಿಂಗಳಲ್ಲಿ, ಇಂಗ್ಲಿಷ್ ಯಾಕೆ?" ಎಂದರು. ನಾನು ಬಳಪ ಹುಡುಕುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೋಲು ಕುಟ್ಟಿದ ಸದ್ದು. ಫುಪು ಎದ್ದು ನಿಂತಿದ್ದಳು.

"ಅವಳ ಗಂಟಲು ಕೆಟ್ಟಿದೆ, ನಾನು ಹೇಳ್ತೀನಿ ಕೇಳಪ್ಪಾ. ಆ ಹುತಾತ್ಮರ ಮೆರವಣಿಗೆಯಲ್ಲಿ ಇವಳ ಅಜ್ಜ ಇದ್ದ, ನನ್ನಪ್ಪ. ಯಾರೂ ನಮ್ಮ ಬಾಯಿಗೆ ಬೇರೆ ಭಾಷೆ ತುರುಕಬಾರದು ಅಂತ ಹೋದದ್ದು ಅವನು. ಇವಳಿಗೆ ಯಾರೂ ತುರುಕಿಲ್ಲ, ತಾನೇ ಎತ್ಕೊಂಡು ತಿಂದಿದಾಳೆ. ಜೊತೆಗೆ ಇನ್ನೊಂದು, ಬಂಗಾಳಿಯಲ್ಲಿ ಬರೆದಿದ್ರೆ ನಮ್ಮನೆ ಜಗಳ ಎಲ್ಲಾ ನಿನಗೆ ಗೊತ್ತಾಗ್ತಿತ್ತು. ಕೂತ್ಕೋ."

ಸಭೆ ನಕ್ಕಿತು. ಶಾಲಿನವರೂ ನಕ್ಕು ಕುಳಿತರು, ಆಮೇಲೆ ಒಂದು ಪ್ರತಿ ಕೊಂಡು ಫುಪುವಿನ ಸಹಿ ಕೇಳಿದರು. ಕೊಟ್ಟಳು.

ಇಳಿದು ಬರುವಾಗ ಮೊಕರ್ರಮ್, "ಹೇಗಿತ್ತು ಲುಬ್ನಾ?" ಎಂದರು. ನನ್ನ ಹೆಸರಿಗೆ ಅಕ್ಕ ಎನ್ನುವ 'ಆಪಾ' ಸೇರಿಸುವುದನ್ನು ಮರೆತರು, ದಣಿದಿದ್ದರು ಪಾಪ. ಸ್ಲೇಟು ಶಿಉಲಿಯ ಚೀಲದಲ್ಲಿತ್ತು. ತಲೆಯಾಡಿಸಿದೆ. ಇನ್ನೂ ಏನೋ ಹೇಳಬೇಕಿತ್ತು. ತಲೆಯಾಡಿಸಿದರೆ ಅಷ್ಟೆಲ್ಲ ಆಗುವುದಿಲ್ಲ.

ಫೆಬ್ರವರಿ ೧೨

ಡಾಕ್ಟರು ಕನ್ನಡಿ ತೆಗೆದು, "ಇನ್ನು ಮಾತಾಡಬಹುದು" ಎಂದರು. ಊತ ಇಳಿದಿದೆ, ಎರಡೂ ಬದಿ ಅಲ್ಲಾಡುತ್ತಿದೆ. ಆದರೆ ದಿನಕ್ಕೆ ನಾಲ್ಕೈದೇ ಮಾತು, ಅದೂ ಮೆಲ್ಲಗೆ. ಮೊದಲ ಮಾತು 'ಬಿಸ್ಮಿಲ್ಲಾ' ಆಗಬೇಕು ಎಂದು ಫುಪು ಹೇಳಿ ಕಳಿಸಿದ್ದಳು. ತನ್ನ ಹೆಸರಾಗಬೇಕು ಎಂದು ರಿಕ್ಷಾದಲ್ಲಿ ಶಿಉಲಿ ಪೀಡಿಸಿದಳು. ನಾನು ಬಾಯಿ ಬಿಡಲಿಲ್ಲ. ನಾಲ್ಕೈದೇ ಇರುವಾಗ ಯೋಚಿಸಿ ಆಡಬೇಕು.

ಮನೆಯ ಮುಂದೆ ತಳ್ಳುಗಾಡಿ ನಿಂತಿತ್ತು. ಅದರ ಮೇಲೆ ಟ್ರಂಕು, ಹಾಸಿಗೆ ಸುರುಳಿ, ಬೆತ್ತದ ಕುರ್ಚಿ, ಹಳೆಯ ರೇಡಿಯೋ. ಮೊಕರ್ರಮ್ ಹಗ್ಗ ಬಿಗಿಯುತ್ತ ಗಾಡಿಯವನಿಗೆ ತಮ್ಮ ಸಾಮಾನಿನ ವಿವರಣೆ ಕೊಡುತ್ತಿದ್ದರು. ನನ್ನನ್ನು ನೋಡಿ, "ಡಾಕ್ಟರ್ ಏನಂದ್ರು?" ಎಂದು ಕೇಳಿದರು.

ನಾನು, "ಹೋಗಬೇಡಿ" ಎಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಣ್ಣೆ ಕಾಣದ ಬಾಗಿಲು ತೆರೆದಂತಿತ್ತು. ಅದನ್ನೇ ಯಾಕೆ ಹೇಳಿದೆನೆಂದರೆ, ಸುಬ್ರತ ಬರುವ ತಿಂಗಳು ಸಿಲ್ಹೆಟ್ಟಿನಲ್ಲೂ ಒಂದು ಓದು ಇಟ್ಟುಕೊಂಡಿದ್ದಾನೆ. ಅಲ್ಲಿಗೆ ಓದುವವರು ಬೇಕಲ್ಲ.

ಮೊಕರ್ರಮ್ ಹಗ್ಗ ಹಿಡಿದು ಹಾಗೆಯೇ ನಿಂತರು. ಮಳೆ ಬಂದು ಆಟ ನಿಂತರೂ ಮಾತು ನಿಲ್ಲಿಸದ ಮನುಷ್ಯ. ಬಾಯಿ ತೆರೆದರು, ಮುಚ್ಚಿದರು. ಗಾಡಿಯವನು ಅವರನ್ನು ನೋಡಿದ, ನನ್ನನ್ನು ನೋಡಿದ, ಬೀಡಿ ಹಚ್ಚಿಕೊಂಡ.

ಮೇಲಿನಿಂದ ಫುಪು ಬಾಲ್ಕನಿಯ ಕಟಕಟೆಗೆ ಜೋತುಬಿದ್ದು ಕೂಗುತ್ತಿದ್ದಳು: "ಏನಂದ್ಲು? ಏನಾಯ್ತು? ದಿನವಿಡೀ ಬಡ್ಕೋತೀಯಲ್ಲೋ ಮೊಕರ್ರಮ್, ಈಗ ಹೇಳೋ!"

ಅವರು ಹಗ್ಗ ಬಿಚ್ಚಲು ಶುರುಮಾಡಿದರು.

ಫೆಬ್ರವರಿ ೧೪

ವಸಂತದ ಮೊದಲ ದಿನ. ಹಳದಿ ಸೀರೆ ಉಟ್ಟೆ. ಎಲ್ಲರೂ ಉಡುತ್ತಾರೆ.

ಧಾನ್ಮಂಡಿಗೆ ಇನ್ನೂ ಸ್ವಲ್ಪ ದಿನ ಹೋಗುವುದಿಲ್ಲ. ಅಲ್ಲಿ ಸದ್ದೇ ಇಲ್ಲ, ಬರೆಯಲು ಆಗುವುದಿಲ್ಲ. ಕಾಗೆಯ ಕವಿತೆ ಮುಗಿಯಿತು. ಇನ್ನೊಂದು ಶುರುವಾಗಿದೆ. ಪ್ರೇಮದ ಕವಿತೆಯ ಹಾಗಿದೆ. ನಾನು ಆ ಬಗೆಯದನ್ನು ಬರೆದು ಬಹಳ ಕಾಲವಾಯಿತು, ಎಲ್ಲಿಂದ ಬಂತೋ.

ಮೊಕರ್ರಮ್ ಮಗಳಿಗೆ ಫೋನು ಮಾಡಿ, ಈದ್ ಹಬ್ಬಕ್ಕೆ ಬಂದುಹೋಗುತ್ತೇನೆ, ಇರಲು ಬರುವುದಿಲ್ಲ ಎಂದರಂತೆ. ಕದ್ದು ಕೇಳಿಸಿಕೊಂಡು ಬಂದ ಶಿಉಲಿ ಅವರ ದನಿಯಲ್ಲೇ ಒಪ್ಪಿಸಿದಳು: "ಇಲ್ಲೊಬ್ಬರಿಗೆ ಡಾಕ್ಟರು ದಿನಕ್ಕೆ ನಾಲ್ಕೈದೇ ಮಾತು ಕೊಟ್ಟಿದಾರಮ್ಮಾ. ಮಿಕ್ಕಿದ್ದನ್ನ ಯಾರಾದ್ರೂ ಆಡ್ಬೇಕಲ್ಲ!"

ಬೆಳಿಗ್ಗೆ ಅಂಗಳದಲ್ಲಿ ಅವರ ಜೊತೆ ಚಹಾ ಕುಡಿದೆ. ಸಕ್ಕರೆ ಎಷ್ಟು, ಬಿಸಿಲು ಚೆನ್ನಾಗಿದೆ, ಕಾಲುಚೀಲ ಮತ್ತೆ ಬೇರೆ ಬೇರೆ ಹಾಕಿದ್ದೀರಿ, ಇರಲಿ ಬಿಡಿ, ಚೆನ್ನಾಗಿದೆ. ಇವತ್ತಿನ ಪಾಲು ಅಲ್ಲಿಗೇ ಮುಗಿಯಿತು.

ಈಗ ಫುಪು ಕ್ಯಾಲೆಂಡರ್ ಹಿಡಿದುಕೊಂಡು ಬಂದು ಎದುರಿಗೆ ಕೂತಿದ್ದಾಳೆ. "ದಿನ ಯಾವತ್ತು ಇಟ್ಕೊಳ್ಳೋಣ ಹೇಳು, ಈದ್‌ಗೆ ಮುಂಚೆಯೋ ಆಮೇಲೋ?" ಎನ್ನುತ್ತಿದ್ದಾಳೆ. ಯಾವುದರ ದಿನ ಎಂದು ಕೇಳೋಣವೆಂದರೆ ನನ್ನ ಹತ್ತಿರ ಒಂದು ಮಾತೂ ಉಳಿದಿಲ್ಲ.